ಬೇಗ ಕೊಳೆಯುವ ಮರ

ರೇಗೆನ್ಸ್‌ಬುರ್ಗ್, ೧೭ ಅಕ್ಟೋಬರ್ ೧೯೮೨

ಪ್ರೀತಿಯ ಅಪ್ಪ,

ನೀನು ಮಾಡಿಕೊಟ್ಟ ಪುಸ್ತಕದ ಕಪಾಟು ಈ ಕೋಣೆಯ ಗೋಡೆಗೆ ಹೇಳಿ ಮಾಡಿಸಿದ ಹಾಗೆ ಕೂತಿದೆ. ಅದರ ತುಂಬ ಈಗ ನಿನಗೆ ಇಷ್ಟವಾಗದ ಪುಸ್ತಕಗಳೇ ಇವೆ. ಇತಿಹಾಸ ಓದುತ್ತೇನೆ ಅಂದಾಗ "ರಾಜರ ಇಸವಿ ಉರು ಹೊಡೆದು ಯಾರ ಹೊಟ್ಟೆ ತುಂಬುತ್ತೆ?" ಅಂತ ನಕ್ಕಿದ್ದೆಯಲ್ಲ. ರಾಜರ ಕಾಲ ಮುಗಿಯಿತಪ್ಪ, ನಾವೀಗ ನಿನ್ನ ಕಾಲಕ್ಕೆ ಬಂದಿದ್ದೇವೆ.

ನಿನ್ನೆ ಮೇಷ್ಟ್ರು ನಮ್ಮನ್ನೆಲ್ಲ ನಾಜಿಗಳ ಕೈದಿ ಶಿಬಿರವಿದ್ದ ಫ್ಲೋಸೆನ್‌ಬ್ಯುರ್ಗ್‌ಗೆ ಕರೆದುಕೊಂಡು ಹೋಗಿದ್ದರು. ನಮ್ಮೂರಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಇಪ್ಪತ್ತೊಂದು ವರ್ಷದಲ್ಲಿ ಒಮ್ಮೆಯೂ ಯಾರೂ ನನ್ನನ್ನು ಅಲ್ಲಿಗೆ ಕರೆದೊಯ್ಯಲಿಲ್ಲ. ಕೈದಿಗಳನ್ನು ತುಂಬಿದ್ದ ಇಳಿಜಾರಿನಲ್ಲಿ ಈಗ ಮನೆಗಳು ಎದ್ದಿವೆ, ಕಿಟಕಿಗಳಲ್ಲಿ ಹೂವಿನ ಕುಂಡಗಳಿವೆ. ಒಬ್ಬ ಯಜಮಾನ ಆರಾಮಾಗಿ ಕಾರು ತೊಳೆಯುತ್ತಿದ್ದ. ಕೆಳಗೆ, ಹೆಣ ಸುಡುತ್ತಿದ್ದ ಒಲೆಯ ಮುಂದೆ ನಿಂತಾಗ ನನಗೆ ಅಳು ಬರಲಿಲ್ಲ. ನಾಚಿಕೆಯಾಯಿತು, ಅಷ್ಟೇ.

ಅಲ್ಲಿ ಇಟಲಿಯಿಂದ ಬಂದ ಒಂದು ಬಸ್ಸು ನಿಂತಿತ್ತು. ಸತ್ತವರ ಮನೆಯವರು. ಅವರಲ್ಲಿ ನೋಯೆಮಿ ಝುಲಿಯಾನಿ ಎಂಬ ಎಪ್ಪತ್ತು ದಾಟಿದ ಹೆಂಗಸು ನನ್ನ ಪಕ್ಕದಲ್ಲೇ ನಿಂತಿದ್ದರು. ಹರೆಯದಲ್ಲಿ ಆಸ್ಟ್ರಿಯಾದಲ್ಲಿ ಮನೆಗೆಲಸಕ್ಕಿದ್ದರಂತೆ, ನಮ್ಮ ಜರ್ಮನ್ ಭಾಷೆ ಚೆನ್ನಾಗಿಯೇ ಬರುತ್ತದೆ.

"ಯಾವೂರಮ್ಮ ನಿಂದು?" ಅಂದರು.

"ಹಾಸೆಲ್‌ರೀಡ್."

ಆಕೆ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡರು. "ಅಲ್ಲಿ ಚರ್ಚಿನ ಹಿಂದೆ ಬಡಗಿ ಅಂಗಡಿ ಇದೆಯಾ? ಹಸಿರು ಜೋಡಿ ಬಾಗಿಲಿಂದು?"

ಆಕೆಯ ತಮ್ಮನ ಹೆಸರು ಎರ್ಮೆಸ್. ೧೯೪೫ರಲ್ಲಿ ಅಮೆರಿಕನ್ನರು ಹತ್ತಿರ ಬಂದಾಗ ಕೈದಿಗಳನ್ನು ದಕ್ಷಿಣಕ್ಕೆ ಅಟ್ಟಿಕೊಂಡು ಹೋದರಲ್ಲ, ಆ ಸಾಲಿನಲ್ಲಿದ್ದನಂತೆ. ಬದುಕಿ ಉಳಿದ ಜೊತೆಗಾರನೊಬ್ಬ ಸಾಯುವ ಮುಂಚೆ ಆಕೆಗೆ ಬರೆದಿದ್ದಾನೆ: ಎರ್ಮೆಸ್ ನಮ್ಮೂರಿನಲ್ಲಿ ಸಾಲಿನಿಂದ ನುಸುಳಿ ಆ ಹಸಿರು ಬಾಗಿಲಿನೊಳಗೆ ಹೋದ, ಅವನೂ ಬಡಗಿ, ಮರದ ವಾಸನೆ ಹಿಡಿದು ಹೋಗಿರಬೇಕು ಅಂತ. ಆಮೇಲೆ ಏನಾಯಿತೋ ಯಾರಿಗೂ ಗೊತ್ತಿಲ್ಲ. ಆಕೆಗೆ ಹೃದಯದ ಕಾಯಿಲೆ. ತಮ್ಮನ ಮೂಳೆಗಳನ್ನು ಊರಿಗೆ ಒಯ್ದು ತಾಯಿಯ ಪಕ್ಕದಲ್ಲಿ ಹೂಳಬೇಕು ಎಂಬುದೊಂದೇ ಆಸೆ ಉಳಿದಿದೆ.

ಅದು ನಮ್ಮ ಅಂಗಡಿ ಅಂತ ಆಕೆಗೆ ಹೇಳಿಬಿಟ್ಟೆ. ಅಪ್ಪ, ಆಗ ನಿನಗೆ ಹದಿನೈದು. ನಿನಗೇನಾದರೂ ಗೊತ್ತಿದೆಯೇ?

ನಿನ್ನ ರೋಸ್ವಿತಾ


ಹಾಸೆಲ್‌ರೀಡ್, ೨ ನವೆಂಬರ್ ೧೯೮೨

ಪ್ರೀತಿಯ ರೋಸಿ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಊರ ಬ್ಯಾಂಕಿನ ಕಿಟಕಿ ಕೆಲಸ ತಲೆ ಮೇಲಿತ್ತು. ನಿನ್ನ ಅಮ್ಮ ಹೊಗೆ ಹಾಕಿದ ಮಾಂಸ ಕಳಿಸಿದ್ದಾಳೆ. ಪುಸ್ತಕದ ಮೇಲಿಟ್ಟು ತಿನ್ನಬೇಡ, ಎಣ್ಣೆ ಹತ್ತುತ್ತದೆ.

ಹಸಿರು ಬಾಗಿಲಿನ ಮಾತು ಹೇಳಿದೆ. ಈ ಸೀಮೆಯಲ್ಲಿ ಹಸಿರು ಬಳಿಯದ ಬಾಗಿಲು ಯಾವುದಿದೆ? ಕೊಳೆ ಕಾಣುವುದಿಲ್ಲ ಅಂತ ಎಲ್ಲರೂ ಅದನ್ನೇ ಬಳಿಯುತ್ತಾರೆ. ಚರ್ಚಿನ ಹಿಂದಿನ ಬಡಗಿ ಅಂಗಡಿಗಳೂ ಹತ್ತಿವೆ. ಆ ದಿನಗಳಲ್ಲಿ ರಸ್ತೆಯ ಮೇಲೆ ಯಾರು ಯಾರೋ ಹೋದರು, ಬಂದರು. ನಾನು ಹುಡುಗ, ಅಂಟು ಕಾಯಿಸಿಕೊಂಡು ಕೂತಿದ್ದೆ.

ಆ ಹಿರಿಯ ಹೆಂಗಸಿಗೆ ನನ್ನ ನಮಸ್ಕಾರ ತಿಳಿಸು. ಇಲ್ಲದ ಆಸೆ ಹುಟ್ಟಿಸಬೇಡ. ಇವತ್ತು ಸತ್ತವರ ದಿನ, ಅಜ್ಜನ ಸಮಾಧಿಗೆ ದೀಪ ಹಚ್ಚಿ ಬಂದೆವು. ಸತ್ತವರನ್ನು ಮಲಗಲು ಬಿಡಬೇಕು ಮಗಳೇ.

ಅಪ್ಪ


ರೇಗೆನ್ಸ್‌ಬುರ್ಗ್, ೫ ಡಿಸೆಂಬರ್ ೧೯೮೨

ಅಪ್ಪ,

ಹೋದ ಭಾನುವಾರ ಊರಿಗೆ ಬಂದು ಏನು ಸಾಧಿಸಿದೆ ಅಂತ ರೈಲಿನಲ್ಲಿ ಇಡೀ ದಾರಿ ಯೋಚಿಸಿದೆ. ನಾನು ಕೇಳಿದ್ದು ಒಂದೇ ಪ್ರಶ್ನೆ.

"ಆ ಮನುಷ್ಯ ನಮ್ಮ ಅಂಗಡೀಲಿ ಬಚ್ಚಿಟ್ಕೊಂಡಿದ್ನಾ? ಹೂಂ ಅನ್ನು, ಇಲ್ಲ ಊಹೂಂ ಅನ್ನು."

"ಉಣ್ಣೋ ಹೊತ್ತಲ್ಲಿ ಹೆಣದ ಮಾತ್ಯಾಕೆ? ಕಡುಬು ಆರ್ತಾ ಇದೆ, ತಿನ್ನು."

"ಹೆಣ ಅಂತ ನಾನು ಹೇಳೇ ಇಲ್ಲಪ್ಪ. ಬಚ್ಚಿಟ್ಕೊಂಡಿದ್ನಾ ಅಂದೆ."

ಅಮ್ಮ ಆಗ ಸಾರಿನ ಸೌಟು ಹಿಡಿದುಕೊಂಡೇ ನಿಂತುಬಿಟ್ಟಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನಿನ್ನ ಕಥೆ. ನೀನು ತಟ್ಟೆಯಲ್ಲಿ ಅರ್ಧ ಕಡುಬು ಬಿಟ್ಟು ಎದ್ದು ಹೋದೆ. ಅನ್ನ ಬಿಟ್ಟು ಏಳಬಾರದು ಅಂತ ನನಗೆ ಕಲಿಸಿದವನು ನೀನು.

ಮಂಗಳವಾರ ಪತ್ರಾಗಾರಕ್ಕೆ ಹೋಗಿದ್ದೆ. ಯುದ್ಧ ಮುಗಿದ ಮರುವರ್ಷ ಅಮೆರಿಕನ್ನರು ಪ್ರತಿ ಊರಿಗೂ ಒಂದು ಕಾಗದ ಕಳಿಸಿ, ನಿಮ್ಮ ಗಡಿಯೊಳಗೆ ಸತ್ತ ಪರದೇಶದವರೆಷ್ಟು, ಎಲ್ಲಿ ಹೂತಿದ್ದೀರಿ ಅಂತ ಕೇಳಿದ್ದರು. ಆಚೆ ಈಚೆಯ ಊರುಗಳು ಮೂರು, ಏಳು, ಹನ್ನೊಂದು ಅಂತ ಬರೆದಿವೆ. ನಮ್ಮೂರು "ಯಾರೂ ಇಲ್ಲ" ಎಂದು ಬರೆದಿದೆ. ಕೆಳಗೆ ಸಾಕ್ಷಿಯಾಗಿ ಅಜ್ಜನ ಸಹಿ ಇದೆ. ಆ ಸಹಿ ನನಗೆ ಚೆನ್ನಾಗಿ ಗೊತ್ತು, ನನ್ನ ತೊಟ್ಟಿಲಿನ ಅಡಿಯಲ್ಲೂ ಅದೇ ಇತ್ತು.

ಅಜ್ಜ ಸತ್ತು ಹನ್ನೊಂದು ವರ್ಷ. ಅವರ ಮರ್ಯಾದೆ ಕಾಯುತ್ತಿದ್ದೀಯೋ, ನಿನ್ನದನ್ನೋ? ಕ್ರಿಸ್‌ಮಸ್‌ಗೆ ನಾನು ಬರುವುದಿಲ್ಲ.

ರೋಸ್ವಿತಾ


ಹಾಸೆಲ್‌ರೀಡ್, ೨೦ ಡಿಸೆಂಬರ್ ೧೯೮೨

ಚಿನ್ನು,

ನಾನು ಕಾಗದ ಬರೆಯುವವಳಲ್ಲ ಅಂತ ನಿನಗೆ ಗೊತ್ತು. ಬಿಸ್ಕತ್ತು ಬೇಯಿಸಿ ಡಬ್ಬಕ್ಕೆ ತುಂಬಿದ್ದೇನೆ. ತಿನ್ನು, ಕೋಪ ನನ್ನ ಬಿಸ್ಕತ್ತಿನ ಮೇಲಲ್ಲವಲ್ಲ.

ನಿಮ್ಮಪ್ಪ ಬೆಳಿಗ್ಗೆ ಅಂಗಡಿಗೆ ಹೋಗುತ್ತಾರೆ, ಗರಗಸದ ಸದ್ದು ಬರುವುದಿಲ್ಲ. ಮೊನ್ನೆ ಹೋಗಿ ನೋಡಿದರೆ ಸುಮ್ಮನೆ ಕೂತಿದ್ದರು. "ಏನ್ರೀ ಮಾಡ್ತಿದ್ದೀರಾ?" ಅಂದೆ. "ಮರ ಒಣಗ್ತಿದೆಯಾ ಅಂತ ನೋಡ್ತಿದ್ದೀನಿ" ಅಂದರು. ಇಪ್ಪತ್ತಮೂರು ವರ್ಷ ಸಂಸಾರ ಮಾಡಿದ್ದೇನೆ. ಇವರು ಈ ವಿಷಯದಲ್ಲಿ ನನಗೂ ಏನೂ ಹೇಳಿಲ್ಲ. ನಾನೂ ಕೇಳಲಿಲ್ಲ. ನಮ್ಮಲ್ಲಿ ಯಾರು ಯಾರನ್ನು ಕೇಳುತ್ತಿದ್ದರು ಹೇಳು? ನಮ್ಮಪ್ಪ ಯುದ್ಧ ಮುಗಿಸಿ ರಷ್ಯಾದಿಂದ ಬಂದವರು ಏನು ಮಾಡಿ ಬಂದರು ಅಂತ ನಾನು ಕೇಳಿದೆನೇ? ಬಿಸಿನೀರು ಕಾಯಿಸಿ ಕೊಟ್ಟೆವು, ಸ್ನಾನ ಮಾಡಿದರು, ಮುಗಿಯಿತು.

ಸರಿ ಅಂತ ಹೇಳುತ್ತಿಲ್ಲ. ಹಾಗಿತ್ತು ಅಂತ ಹೇಳುತ್ತಿದ್ದೇನೆ. ನೀನಿಲ್ಲದ ಹಬ್ಬ ನನಗೆ ಹಬ್ಬವಲ್ಲ.

ಅಮ್ಮ


ಹಾಸೆಲ್‌ರೀಡ್, ೧೬ ಫೆಬ್ರವರಿ ೧೯೮೩, ಬೂದಿ ಬುಧವಾರ

ರೋಸಿ,

ಇವತ್ತು ಪಾದ್ರಿಗಳು ಹಣೆಗೆ ಬೂದಿ ಹಚ್ಚಿದರು. ಅದನ್ನು ಒರೆಸಿಕೊಳ್ಳದೆ ಇದನ್ನು ಬರೆಯುತ್ತಿದ್ದೇನೆ. ಒಮ್ಮೆ ನಿಲ್ಲಿಸಿದರೆ ಮತ್ತೆ ಬರೆಯಲಾರೆ. ಹಾಗಾಗಿ ನನ್ನ ತಪ್ಪುಗಳನ್ನು ತಿದ್ದದೆ ಓದಿಕೊ.

ಅವನು ಬಂದಿದ್ದ. ಅದು ಶನಿವಾರ, ಏಪ್ರಿಲ್ ಇಪ್ಪತ್ತೊಂದು. ನಿನ್ನ ಅಜ್ಜ ಗಿರಣಿಗೆ ಹೋಗಿದ್ದರು, ಅಂಗಡಿಯಲ್ಲಿ ನಾನೊಬ್ಬನೇ. ರಸ್ತೆಯಲ್ಲಿ ಆ ಸಾಲು ಹೋಗುತ್ತಿತ್ತು. ಮರದ ಅಟ್ಟೆಯ ಚಪ್ಪಲಿಗಳ ಸದ್ದು, ಆಗಾಗ ಗುಂಡಿನ ಸದ್ದು. ಬಾಗಿಲು ಸ್ವಲ್ಪ ತೆರೆದು ಅವನು ಒಳಗೆ ನುಸುಳಿದ. ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಇರಲಿಲ್ಲ. ನನ್ನ ಕಡೆ ಕೈ ಮುಗಿದು, ಮೂಲೆಯ ಮರದ ಹೊಟ್ಟಿನ ರಾಶಿಯೊಳಗೆ ಕುತ್ತಿಗೆವರೆಗೂ ಹುದುಗಿಕೊಂಡ. ನನ್ನ ಬ್ರೆಡ್ಡಿನಲ್ಲಿ ಅರ್ಧ ಕೊಟ್ಟೆ. ಹೌದು, ಕೊಟ್ಟೆ. ಇದನ್ನು ನನ್ನ ಪರವಾಗಿ ಹೇಳಿಕೊಳ್ಳುತ್ತಿಲ್ಲ.

ನಾನು ಆಗ ಮೇಜಿನಿಂದ ಹೊರಗೆಳೆಯುವ ಒಂದು ಸೆಳೆಖಾನೆ ಮಾಡುತ್ತಿದ್ದೆ. ಮೂಲೆಯಲ್ಲಿ ಹಲ್ಲಿಗೆ ಹಲ್ಲು ಕೂರಿಸುವ ಜೋಡಣೆ. ನಾನು ಒಬ್ಬನೇ ಮಾಡಿದ ಮೊದಲ ಜೋಡಣೆ, ಅಜ್ಜ ಬಂದ ಮೇಲೆ ತೋರಿಸಿ ಶಹಬ್ಬಾಸ್ ಅನ್ನಿಸಿಕೊಳ್ಳಬೇಕು ಅಂತ ಕಾದಿದ್ದೆ. ಬ್ರೆಡ್ಡು ತಿಂದ ಮೇಲೆ ಅವನು ಹೊಟ್ಟಿನಿಂದ ಎದ್ದು ಬಂದು ಅದನ್ನು ಕೈಗೆತ್ತಿಕೊಂಡ. ನೋಡಿದ, ತಲೆ ಅಲ್ಲಾಡಿಸಿದ, ನಕ್ಕ. ಹಲ್ಲುಗಳಿಗೆ ಓರೆ ಹೆಚ್ಚು ಕೊಟ್ಟಿದ್ದೆ, ಹಾಗೆ ಮಾಡಿದರೆ ಎಳೆದಾಗ ತುದಿ ಸೀಳುತ್ತದೆ. ಹೆಬ್ಬೆರಳಿನ ಉಗುರಿನಿಂದ ಸರಿಯಾದ ಗೆರೆ ಎಳೆದು ತೋರಿಸಿದ. ಒಳ್ಳೆ ಮನಸ್ಸಿನಿಂದಲೇ ತೋರಿಸಿದ್ದು, ಈಗ ಗೊತ್ತಾಗುತ್ತದೆ.

ಆಗ ನನಗೆ ಮೈ ಉರಿದುಹೋಯಿತು. ಇವರು ಮನುಷ್ಯರೇ ಅಲ್ಲ ಅಂತ ಶಾಲೆಯಲ್ಲಿ ಕಲಿಸಿದ್ದರು. ಅಂಥವನೊಬ್ಬ, ನನ್ನ ಬ್ರೆಡ್ಡು ತಿಂದು, ನನ್ನ ಅಂಗಡಿಯಲ್ಲಿ ನಿಂತು, ನನ್ನ ಕೆಲಸ ನೋಡಿ ನಗುವುದೇ?

ಸ್ವಲ್ಪ ಹೊತ್ತಿಗೆ ಕಾವಲುಗಾರನೊಬ್ಬ ಬಾಗಿಲಿಗೆ ಬಂದ. ಗಾಡಿಯ ಪಟ್ಟಿ ಸಡಿಲವಾಗಿತ್ತು.

"ನಾಲ್ಕು ಮೊಳೆ ಇದ್ರೆ ಕೊಡಪ್ಪ," ಅಂದ.

ನಾನು ಮೊಳೆ ಕೊಟ್ಟೆ. ಅವನು ಬೇರೆ ಏನೂ ಕೇಳಲಿಲ್ಲ ರೋಸಿ. ತಿರುಗಿ ಹೊರಟೇಬಿಟ್ಟಿದ್ದ. ಆಗ ನಾನೇ ಕೂಗಿ ಹೇಳಿದೆ: "ಒಳಗೊಬ್ಬ ಇದ್ದಾನೆ."

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಅವನನ್ನು ತೊರೆಯ ಆಚೆ ಕಾಡಿನ ಅಂಚಿಗೆ ಎಳೆದುಕೊಂಡು ಹೋದರು. ಹೋಗುವಾಗ ಅವನು ನನ್ನ ಕಡೆ ನೋಡಲಿಲ್ಲ. ಸೋಮವಾರ ಅಮೆರಿಕನ್ನರು ಬಂದರು. ಎರಡು ದಿನ ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಅಜ್ಜ ಬಂದು ಕೇಳಿ ನನ್ನ ಕೆನ್ನೆಗೆ ಒಂದೇ ಏಟು ಕೊಟ್ಟರು. ಆಮೇಲೆ "ಸಾಯೋವರೆಗೂ ಬಾಯಿ ಬಿಡಬೇಡ" ಅಂದರು. ನಾವಿಬ್ಬರೂ ಹೋಗಿ ಆ ಕಾಡಿನ ಅಂಚಿನಲ್ಲೇ ಅವನನ್ನು ಹೂತೆವು. ಕಾಗದಕ್ಕೆ ಅವರು ಸಹಿ ಹಾಕಿದ್ದು ನನಗಾಗಿ. ಜಾಗ ನನಗೆ ಗೊತ್ತು. ಹಿಮ ಕರಗಲಿ, ತೋರಿಸುತ್ತೇನೆ.

ಅಪ್ಪ


ರೇಗೆನ್ಸ್‌ಬುರ್ಗ್, ೧೩ ಮಾರ್ಚ್ ೧೯೮೩

ಅಪ್ಪ,

ಮೂರು ಸಲ ಓದಿದೆ. ಇತಿಹಾಸದ ಪುಸ್ತಕಗಳಲ್ಲಿ ಹೆಸರಿಲ್ಲದ "ಊರಿನವರು" ಅಂತ ಬರುತ್ತಾರೆ. ಅವರು ನೋಡುತ್ತ ನಿಂತರು, ಅವರು ಹಿಡಿದುಕೊಟ್ಟರು ಅಂತ. ಅವರಲ್ಲೊಬ್ಬ ನನಗೆ ಸೈಕಲ್ಲು ಕಲಿಸಿದವನು ಅಂತ ಯಾವ ಪುಸ್ತಕದಲ್ಲೂ ಇರಲಿಲ್ಲ.

ನೋಯೆಮಿ ಅವರಿಗೆ ಬರೆದಿದ್ದೇನೆ. ನೀನು ಮಾಡಿದ್ದನ್ನು ಬರೆಯಲಿಲ್ಲ, ಅದನ್ನು ಹೇಳಬೇಕಾದವನು ನೀನು. ತಮ್ಮನ ಜಾಗ ಗೊತ್ತಾಗಿದೆ, ಬೇಸಿಗೆಯೊಳಗೆ ಅವನು ಮನೆಗೆ ಬರುತ್ತಾನೆ ಅಂತಷ್ಟೇ ಬರೆದೆ. ಆಕೆಯ ಉತ್ತರ ಬಂತು. ತಾಯಿಯ ಪಕ್ಕದಲ್ಲಿ ಗುಂಡಿ ತೋಡಿಸುತ್ತಾರಂತೆ, ಕಲ್ಲಿನ ಮೇಲೆ ಅವನ ಹೆಸರು ಕೆತ್ತಿಸಲು ಕೊಟ್ಟಿದ್ದಾರಂತೆ. ಹಿಮ ಕರಗಿದ ತಕ್ಷಣ ತಿಳಿಸು.

ರೋಸ್ವಿತಾ


ಹಾಸೆಲ್‌ರೀಡ್, ೨೪ ಏಪ್ರಿಲ್ ೧೯೮೩

ರೋಸಿ,

ಸಿಗಲಿಲ್ಲ.

ಜಾಗ ಗೊತ್ತು ಅಂತ ನಾನು ಬರೆದದ್ದು ಸುಳ್ಳಲ್ಲ, ಗೊತ್ತಿದೆ ಅಂತಲೇ ನಂಬಿದ್ದೆ. ಮೂವತ್ತು ವರ್ಷದಿಂದ ಅತ್ತ ತಲೆ ಹಾಕಿರಲಿಲ್ಲ, ಅಷ್ಟೇ. ಹೋಗಿ ನೋಡಿದರೆ ಅಲ್ಲಿ ಕಾಡಿನ ಅಂಚೇ ಇಲ್ಲ. ನೀನು ಹುಟ್ಟುವ ಮುಂಚಿನ ಬಿರುಗಾಳಿಗೆ ಹಳೆಯ ಮರಗಳು ಉರುಳಿದ್ದವು, ಬೇರೆ ನೆಟ್ಟರು. ಆಮೇಲೆ ಊರಿನ ಚೂರು ಜಮೀನುಗಳನ್ನೆಲ್ಲ ಒಟ್ಟುಗೂಡಿಸಿದಾಗ ಬುಲ್ಡೋಜರ್ ತಂದು ತೊರೆಯನ್ನೇ ನೆಟ್ಟಗೆ ಮಾಡಿದರು. ತೊರೆಯಿಂದ ಇಪ್ಪತ್ತು ಹೆಜ್ಜೆ ಅಂತ ನಾನು ಲೆಕ್ಕ ಇಟ್ಟುಕೊಂಡಿದ್ದೆ. ಈಗ ಯಾವ ತೊರೆಯಿಂದ ಇಪ್ಪತ್ತು ಹೆಜ್ಜೆ?

ಗುರುತು ಇಟ್ಟಿದ್ದೆವು. ಆ ಹೆಂಗಸಿಗೆ ನಮ್ಮ ಕಡೆಯ ಪದ್ಧತಿ ಗೊತ್ತಿರಲಿಕ್ಕಿಲ್ಲ, ನೀನೇ ಬಿಡಿಸಿ ಹೇಳು. ಸತ್ತವರನ್ನು ಮಲಗಿಸಿದ ಹಲಗೆಯನ್ನು ನಾವು ಬಡಗಿಗಳು ಆಮೇಲೆ ನಯ ಮಾಡಿ, ಹೆಸರು ಬರೆದು, ದಾರಿಯ ಪಕ್ಕ ನೆಡುತ್ತೇವೆ. ಆ ಹಲಗೆ ಕೊಳೆತು ಬಿದ್ದ ದಿನ ಸತ್ತವರ ಆತ್ಮಕ್ಕೆ ಪಾಪ ಸುಡುವ ಬೆಂಕಿಯಿಂದ ಬಿಡುಗಡೆ ಅಂತ ನಂಬಿಕೆ. ಅದಕ್ಕೇ ಅದನ್ನು ಯಾರೂ ರಿಪೇರಿ ಮಾಡುವುದಿಲ್ಲ. ಎರ್ಮೆಸ್‌ನನ್ನು ನಾವು ಒಂದು ಹಲಗೆಯ ಮೇಲೆ ಹೊತ್ತಿದ್ದೆವು. ಅಜ್ಜ ಅದನ್ನು ನೆಡೋಣ ಅಂದರು. ಹೆಸರು ಗೊತ್ತಿರಲಿಲ್ಲ, ಒಂದು ಶಿಲುಬೆ ಕೆತ್ತಿದೆವು. ಹೊರಲು ಹಲಗೆ ಆರಿಸುವಾಗ ಅಂಗಡಿಯಲ್ಲಿ ಗಟ್ಟಿ ಓಕ್ ಇತ್ತು, ಮೆದು ಸ್ಪ್ರೂಸ್ ಇತ್ತು. ಓಕ್ ಆಗಿದ್ದರೆ ಇವತ್ತಿಗೂ ನಿಂತಿರುತ್ತಿತ್ತು.

"ಸ್ಪ್ರೂಸ್ ತಗೋ," ಅಂದರು ಅಜ್ಜ. "ಬೇಗ ಕೊಳೀಲಿ. ಪಾಪ, ಅವನನ್ನ ಇನ್ನೂ ಯಾಕೆ ಬೇಯಿಸೋದು?"

ನಾವು ಅವನಿಗೆ ಮಾಡಿದ ಒಂದೇ ಒಂದು ದಯೆ ಅದು. ಏಳೆಂಟು ವರ್ಷಕ್ಕೆ ಹಲಗೆ ಬಿತ್ತು. ಬಿದ್ದಾಗ ನಾನು ಒಳಗೊಳಗೇ ಖುಷಿಪಟ್ಟೆ ಅಂತಲೂ ಬರೆಯುತ್ತೇನೆ. ಅವನಿಗೂ ಬಿಡುಗಡೆ, ನನಗೂ ಬಿಡುಗಡೆ ಅಂದುಕೊಂಡೆ.

ಹದಿನಾರು ದಿನದಿಂದ ಅಗೆಯುತ್ತಿದ್ದೇನೆ. ಮೊದಲು ಊರವರು ಬೇಲಿಯಾಚೆ ನಿಂತು ತಮಾಷೆ ಮಾಡಿದರು: "ಏನ್ ವೀಟಸ್, ನಿಧಿ ಸಿಕ್ತಾ?" ಯಾರಿಗಾಗಿ ಅಗೆಯುತ್ತಿದ್ದೇನೆ ಅಂತ ಹೇಳಿದೆ. ಈಗ ಯಾರೂ ಬೇಲಿ ಹತ್ತಿರ ಬರುವುದಿಲ್ಲ, ಅಂಗಡಿಗೂ ಬರುವುದಿಲ್ಲ. ಅದಕ್ಕೆ ನನಗೆ ಬೇಜಾರಿಲ್ಲ. ಅರಣ್ಯದವರು ಯಂತ್ರ ತಂದು ಮೂರು ದಿನ ಅಗೆದುಕೊಟ್ಟರು. ಬೇರು, ಕಲ್ಲು, ಒಂದು ಹಳೆಯ ಬಕೆಟ್ಟು. ಅಷ್ಟೇ ಸಿಕ್ಕಿದ್ದು.

ಆ ಹೆಂಗಸಿಗೆ ಏನಂತ ಹೇಳುತ್ತೀ?

ಅಪ್ಪ


ರೇಗೆನ್ಸ್‌ಬುರ್ಗ್, ೧೯ ಜೂನ್ ೧೯೮೩

ಅಪ್ಪ,

ಸಿಗಲಿಲ್ಲ ಅಂತ ಬರೆದೆ, ಅವನು ಹೊಟ್ಟಿನೊಳಗೆ ಅಡಗಿದ್ದನ್ನೂ ಹಲಗೆಯ ಸಂಗತಿಯನ್ನೂ ಬರೆದೆ. ನಾನೇ ಆಸೆ ಹುಟ್ಟಿಸಿದ್ದು, ನಾನೇ ಕೊಂದೆ. ಇಲ್ಲದ ಆಸೆ ಹುಟ್ಟಿಸಬೇಡ ಅಂತ ನೀನು ಮೊದಲೇ ಹೇಳಿದ್ದೆ ಅಂತ ಮಾತ್ರ ಈಗ ಬರೆಯಬೇಡ. ಆಕೆಯ ಉತ್ತರವನ್ನು ಇಲ್ಲಿ ನಕಲು ಮಾಡುತ್ತಿದ್ದೇನೆ.

"ಮಗಳೇ, ಗುಂಡಿ ತೆರೆದೇ ಇದೆ. ಮಳೆ ನೀರು ತುಂಬಬಾರದು ಅಂತ ಹಲಗೆ ಮುಚ್ಚಿಸಿದ್ದೇನೆ. ಪಾದ್ರಿಗಳು ದಿನಾ ಕೇಳುತ್ತಾರೆ, ಯಾವಾಗ ಅಂತ. ಕಲ್ಲಿನಲ್ಲಿ ಹೆಸರು ಕೆತ್ತಿಯಾಗಿದೆ. ಸಿಗಲಿಲ್ಲ ಅಂದರೆ ಸಿಗಲಿಲ್ಲ, ನಿನ್ನ ಮೇಲೆ ನನಗೆ ಕೋಪವಿಲ್ಲ. ಆದರೆ ಒಂದು ಮಾತು ಹೇಳು. ಹೊಟ್ಟಿನೊಳಗೆ ಹುದುಗಿದ್ದವನು ತಾನಾಗಿ ಹೊರಗೆ ಬರುವುದಿಲ್ಲ. ಅವನು ಅಲ್ಲಿದ್ದಾನೆ ಅಂತ ಹೇಳಿದವರು ಯಾರು? ಮೂಳೆ ಸಿಗದಿದ್ದರೆ ಅದಾದರೂ ನನಗೆ ಬೇಕು."

ಇದಕ್ಕೆ ನಾನು ಉತ್ತರ ಕೊಡುವುದಿಲ್ಲ. ವಿಳಾಸ ಕೆಳಗಿದೆ.

ರೋಸ್ವಿತಾ


ಹಾಸೆಲ್‌ರೀಡ್, ೩ ಜುಲೈ ೧೯೮೩

ರೋಸಿ,

ಬರೆದು ಕಳಿಸಿದೆ. ಏನನ್ನೂ ಮುಚ್ಚಿಡಲಿಲ್ಲ. ಬ್ರೆಡ್ಡು, ಜೋಡಣೆ, ಅವನು ನಕ್ಕದ್ದು, ಮೊಳೆ, ನನ್ನ ಬಾಯಿ. ಅವನು ಹೇಳಿದ್ದೇ ಸರಿಯಾಗಿತ್ತು ಅಂತ ಬರೆದೆ. ಅವತ್ತಿನಿಂದ ಇವತ್ತಿನವರೆಗೆ ನಾನು ಮಾಡಿದ ಪ್ರತಿ ಜೋಡಣೆಯ ಓರೆ ಅವನ ಉಗುರು ಎಳೆದ ಓರೆಯೇ, ಈ ಸೀಮೆಯ ಮನೆಮನೆಯ ಸೆಳೆಖಾನೆಗಳಲ್ಲಿ ಅವನ ಕೈ ಇದೆ ಅಂತಲೂ ಬರೆದೆ. ಆಕೆಗೆ ಕೊಡಲು ನನ್ನಲ್ಲಿ ಉಳಿದದ್ದು ಅದೊಂದೇ.

ಅಪ್ಪ


ಮಾನ್ಝಾನೋ, ಇಟಲಿ, ೨೮ ಜುಲೈ ೧೯೮೩

ಶ್ರೀ ಲಿಂಡ್ನರ್ ಅವರಿಗೆ,

ನಿಮ್ಮ ಪತ್ರ ತಲುಪಿತು. ನಿಜ ಬರೆದಿದ್ದೀರಿ ಅಂತ ನಂಬುತ್ತೇನೆ, ಏಕೆಂದರೆ ಅದು ಎರ್ಮೆಸ್‌ನೇ. ಅವನಲ್ಲದೆ ಬೇರೆ ಯಾರೂ ಆ ಸ್ಥಿತಿಯಲ್ಲಿ ಹೊಟ್ಟಿನಿಂದ ಎದ್ದು ಬಂದು ಇನ್ನೊಬ್ಬರ ಕೆಲಸ ತಿದ್ದುತ್ತಿರಲಿಲ್ಲ.

ನಮ್ಮ ಅಪ್ಪ ಕುರ್ಚಿ ಮಾಡುತ್ತಿದ್ದರು. ಕೆಟ್ಟ ಜೋಡಣೆ ಕಂಡೂ ಸುಮ್ಮನೆ ದಾಟಿ ಹೋದರೆ ಎರ್ಮೆಸ್‌ನ ಕೈಗೆ ಪಟ್ಟಿಯಿಂದ ಬಾರಿಸುತ್ತಿದ್ದರು. "ಯಾರದ್ದಾದ್ರೂ ಆಗ್ಲಿ, ತಪ್ಪು ಕಂಡ್ರೆ ಹೇಳ್ಬೇಕು ಕಣೋ" ಅನ್ನುತ್ತಿದ್ದರು. ಅವನು ಒಳ್ಳೆಯ ಮಗ, ಆ ಮಾತು ಮರೆಯಲಿಲ್ಲ. ಅಪ್ಪ ಸತ್ತು ಐವತ್ತು ವರ್ಷ. ಅವರ ನೆನಪೊಂದೇ ನನಗೆ ಕಳಂಕವಿಲ್ಲದೆ ಉಳಿದಿತ್ತು. ನಿಮ್ಮ ಪತ್ರ ಓದಿದ ಮೇಲೆ ದಿನಾ ಬೆಳಿಗ್ಗೆ ಎದ್ದು ಅವರನ್ನು ಬೈಯುತ್ತಿದ್ದೇನೆ. ನಿಮ್ಮನ್ನು ಬೈಯಲು ಹೋದರೂ ಬಾಯಿಗೆ ಅವರ ಹೆಸರೇ ಬರುತ್ತದೆ.

ಮನೆಮನೆಯಲ್ಲಿ ಅವನ ಕೈ ಇದೆ ಅಂದಿರಿ. ನನಗೆ ಸಮಾಧಾನವಾಗಲಿ ಅಂತ ಬರೆದಿರಬೇಕು. ಆಗಲಿಲ್ಲ. ಅವನಿಗೆ ಕೆಲಸ ಬರದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಹೋದ ಗುರುವಾರ ಗುಂಡಿ ಮುಚ್ಚಿಸಿದೆ. ನಿಮ್ಮ ಮಗಳು ಒಳ್ಳೆಯ ಹುಡುಗಿ. ಇನ್ನು ಅವಳೂ ಬರೆಯುವುದು ಬೇಡ, ನೀವೂ ಬೇಡ.

ನೋಯೆಮಿ ಝುಲಿಯಾನಿ